ಪಿಟ್ ನಿರ್ಧಾರ ತಪ್ಪಿದಾಗ ಚಾಲಕ ತನ್ನ ತಂಡವನ್ನು ಬಹಿರಂಗವಾಗಿ ಟೀಕಿಸಬಹುದೇ? ಫೆರಾರಿ 2022ರಿಂದ ಆರಂಭಿಸೋಣ

ಹಳೆ ಟ್ರ್ಯಾಕ್ ಬರೆದದ್ದು:

2022ರ ಮೇ 29ರಂದು ಫಾರ್ಮುಲಾ ಒನ್ ತಂಡ ಫೆರಾರಿಯ ಚಾಲಕ ಷಾರ್ಲ್ ಲೆಕ್ಲೇರ್ ತಮ್ಮ ಹುಟ್ಟೂರಾದ ಮೊನಾಕೊದಲ್ಲಿ ಎಲ್ಲರಿಗಿಂತ ಮುಂದಿನ ಪೋಲ್ ಸ್ಥಾನದಿಂದ ಓಟ ಆರಂಭಿಸಿ 4ನೆಯವರಾಗಿ ಮುಗಿಸಿದರು. ಕಾರು ಕೆಟ್ಟಿರಲಿಲ್ಲ, ಅವರು ಗೋಡೆಗೆ ತಾಗಿರಲಿಲ್ಲ, ರಸ್ತೆಯ ಮೇಲೆ ಅವರನ್ನು ಯಾರೂ ಹಿಂದಿಕ್ಕಿರಲಿಲ್ಲ. ಕಳೆದುಕೊಂಡ ಮೂರೂ ಸ್ಥಾನಗಳು ಕಾರುಗಳು ಟೈರ್ ಬದಲಿಸಲು ಇಳಿಯುವ ಪಿಟ್ ಓಣಿಯಲ್ಲೇ ಹೋದವು.

ನಡೆದದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಮಳೆ ನಿಂತು ರಸ್ತೆ ಆರುತ್ತಿತ್ತು. ರೆಡ್ ಬುಲ್‌ನ ಸೆರ್ಜಿಯೊ ಪೆರೆಜ್ 16ನೇ ಸುತ್ತಿನಲ್ಲಿ ಪೂರ್ಣ ಮಳೆಯ ಟೈರ್ ಬಿಟ್ಟು, ಅರೆ ಒದ್ದೆ ರಸ್ತೆಗೆ ಹೊಂದುವ ಇಂಟರ್‌ಮೀಡಿಯೆಟ್ ಹಾಕಿಸಿಕೊಂಡರು. ಫೆರಾರಿ ಲೆಕ್ಲೇರ್ ಅವರನ್ನು ಕರೆದದ್ದು 18ನೇ ಸುತ್ತಿನಲ್ಲಿ, ಅಷ್ಟರಲ್ಲಿ ಪೆರೆಜ್ ಮುಂದಾಗಿದ್ದರು. ಮೂರು ಸುತ್ತು ಕಳೆಯುವಷ್ಟರಲ್ಲಿ ಒಣ ಟೈರಿಗಾಗಿ ಜೊತೆಗಾರ ಕಾರ್ಲೋಸ್ ಸೈನ್ಸ್ ಅವರನ್ನು ಕರೆದ ತಂಡ, ಅವರ ಬೆನ್ನಿಗೇ ಲೆಕ್ಲೇರ್ ಅವರನ್ನೂ ಕರೆದು, ಮರುಕ್ಷಣವೇ ‘ಬೇಡ, ಹೊರಗೇ ಇರಿ’ ಎಂದಿತು. ಅವರು ಆಗಲೇ ಓಣಿಯೊಳಕ್ಕೆ ತಿರುಗಿಯಾಗಿತ್ತು. ಜೊತೆಗಾರನ ಕಾರಿನ ಹಿಂದೆ ಕಾಯುತ್ತಾ ನಿಂತಾಗ ರೇಡಿಯೊದಲ್ಲಿ ಬಂದ ಅವರ ಕೂಗನ್ನು ಕೇಳಿದವರು ಮರೆತಿರಲಾರರು. ಓಟ ಮುಗಿದ ಮೇಲೆ ಕ್ಯಾಮೆರಾಗಳ ಮುಂದೆಯೂ ಅವರು ಮುಚ್ಚಿಡಲಿಲ್ಲ; ಇಷ್ಟೊಂದು ತಪ್ಪುಗಳನ್ನು ಮಾಡುತ್ತಾ ಹೋದರೆ ನಡೆಯುವುದಿಲ್ಲ ಎಂಬ ಅರ್ಥದ ಮಾತನ್ನು ನೇರವಾಗಿಯೇ ಆಡಿದರು.

ಆಗ ‘ಮನೆಯ ಮಾತನ್ನು ಬೀದಿಗೆ ತರಬಾರದಿತ್ತು’ ಎಂದವರಲ್ಲಿ ನಾನೂ ಒಬ್ಬ. ಎರಡು ತಿಂಗಳ ನಂತರ, ಜುಲೈ 31ರ ಹಂಗೆರಿ ಓಟವನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಂದು 70 ಸುತ್ತುಗಳ ಓಟದ 31ನೇ ಸುತ್ತಿನಲ್ಲಿ ಲೆಕ್ಲೇರ್ ಮರ್ಸಿಡೀಸ್‌ನ ಜಾರ್ಜ್ ರಸೆಲ್ ಅವರನ್ನು ಹಿಂದಿಕ್ಕಿ ಮುಂದಾಳಾದರು. ಒಣ ಟೈರ್‌ಗಳಲ್ಲಿ ಸಾಫ್ಟ್ ಹೆಚ್ಚು ವೇಗದ್ದು ಆದರೆ ಬೇಗ ಸವೆಯುವಂಥದ್ದು, ಹಾರ್ಡ್ ಹೆಚ್ಚು ಬಾಳುವ ಆದರೆ ನಿಧಾನವಾಗಿ ಬಿಸಿಯಾಗುವಂಥದ್ದು, ಮೀಡಿಯಂ ನಡುವಿನದು. ಮೀಡಿಯಂ ಟೈರ್ ಅವರ ಕೈಗೆ ಚೆನ್ನಾಗಿ ಹೊಂದಿಕೊಂಡಿತ್ತು, ಅದರಲ್ಲೇ ಸಾಧ್ಯವಾದಷ್ಟು ಮುಂದುವರಿಯಬೇಕೆಂಬುದು ಅವರ ಇಚ್ಛೆಯಾಗಿತ್ತು. ಆದರೆ 38ನೇ ಸುತ್ತಿನಲ್ಲಿ ರೆಡ್ ಬುಲ್‌ನ ಮ್ಯಾಕ್ಸ್ ವರ್‌ಸ್ಟಾಪನ್ ಪಿಟ್‌ಗೆ ಹೋದ ಕೂಡಲೇ, ಅವರಿಗೆ ಉತ್ತರ ಕೊಡುವ ಆತುರದಲ್ಲಿ, ಮರು ಸುತ್ತಿಗೇ ಲೆಕ್ಲೇರ್ ಅವರನ್ನು ಕರೆದು ಹಾರ್ಡ್ ಟೈರ್ ಹಾಕಿದರು. ಅಂದು ಹವೆ ತಂಪಾಗಿತ್ತು. ಆಲ್ಪೀನ್ ತಂಡದ ಎರಡೂ ಕಾರುಗಳು ಅದೇ ಹಾರ್ಡ್ ಟೈರ್ ಹಾಕಿಕೊಂಡು ಹಿಡಿತವಿಲ್ಲದೆ ಒದ್ದಾಡುತ್ತಿದ್ದುದು ಎಲ್ಲರ ಕಣ್ಣೆದುರಿಗೇ ಇತ್ತು. ವರ್‌ಸ್ಟಾಪನ್ ಒಮ್ಮೆ ಹಿಂದಿಕ್ಕಿ, ಗಿರ್ರನೆ ತಿರುಗಿ ಸ್ಥಾನ ಕಳೆದುಕೊಂಡು, ಮತ್ತೊಮ್ಮೆ ಹಿಂದಿಕ್ಕಿದರು. ರಸೆಲ್ ಕೂಡ ದಾಟಿ ಹೋದರು. 54ನೇ ಸುತ್ತಿನಲ್ಲಿ ಹಾರ್ಡ್ ತೆಗೆದು ಸಾಫ್ಟ್ ಹಾಕಲು ಇನ್ನೊಮ್ಮೆ ನಿಲ್ಲಬೇಕಾಯಿತು. ಕೊನೆಗೆ ಲೆಕ್ಲೇರ್ 6ನೆಯವರಾದರು. 10ನೇ ಸ್ಥಾನದಿಂದ ಹೊರಟಿದ್ದ ವರ್‌ಸ್ಟಾಪನ್ ಗೆದ್ದರು.

ಓಟದ ಬಳಿಕ ಲೆಕ್ಲೇರ್ ಮೀಡಿಯಂನಲ್ಲಿ ತಾನು ಹಾಯಾಗಿದ್ದೆ ಎಂದರೆ, ತಂಡದ ಮುಖ್ಯಸ್ಥ ಮಟಿಯಾ ಬಿನೋಟ್ಟೊ ತಂತ್ರಕ್ಕಿಂತ ಕಾರಿನ ವೇಗವೇ ಅಂದು ನಿರೀಕ್ಷೆಯಷ್ಟಿರಲಿಲ್ಲ ಎಂದರು. ಒಳಗಿನವರು ತಪ್ಪನ್ನು ತಪ್ಪೆಂದು ಕರೆಯಲು ಸಿದ್ಧರಿಲ್ಲದಿದ್ದರೆ, ಚಾಲಕನಿಗೆ ಹೊರಗೆ ಹೇಳುವುದನ್ನು ಬಿಟ್ಟು ಬೇರೆ ದಾರಿ ಉಳಿಯುತ್ತದೆಯೇ? ಟೀಕೆ ನ್ಯಾಯವೋ ಅಲ್ಲವೋ ಎಂಬುದನ್ನು ಅದರ ದನಿಯಿಂದ ಅಳೆಯದೆ, ನಿರ್ಧಾರವಾಗುವ ಮೊದಲು ಚಾಲಕನ ಮಾತನ್ನು ತಂಡ ಕೇಳಿಸಿಕೊಂಡಿತ್ತೇ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯವನ್ನು ತಿಳಿಸಿ.

ಲೆಕ್ಕದ ಪುಸ್ತಕ ಬರೆದದ್ದು:

ಹಂಗೆರಿಯ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಆದರೆ ಅಲ್ಲಿಯೂ ಓಟದ ತಂತ್ರ ಹೂಡುವವರ ಮುಂದಿದ್ದ ಇಕ್ಕಟ್ಟನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಒಣ ರಸ್ತೆಯ ಓಟದಲ್ಲಿ ಎರಡು ಬಗೆಯ ಟೈರ್ ಬಳಸಲೇಬೇಕು. ಲೆಕ್ಲೇರ್ ಆಗಲೇ ಎರಡು ಸೆಟ್ ಮೀಡಿಯಂ ಬಳಸಿಯಾಗಿತ್ತು, ಹಾಗಾಗಿ ಉಳಿದದ್ದು ಹಾರ್ಡ್ ಅಥವಾ ಸಾಫ್ಟ್ ಮಾತ್ರ. 39ನೇ ಸುತ್ತಿನಲ್ಲಿ ಸಾಫ್ಟ್ ಹಾಕಿದ್ದರೆ ಅದು 31 ಸುತ್ತು ಬಾಳಬೇಕಿತ್ತು, ಅಷ್ಟು ಬಾಳುತ್ತದೆಂದು ಯಾರೂ ಭರವಸೆ ಕೊಡುವಂತಿರಲಿಲ್ಲ. ಸರಿಯಾದ ದಾರಿಯೆಂದರೆ ಹೊರಗೇ ಉಳಿದು ಕೊನೆಯ ಹಂತಕ್ಕೆ ಸಾಫ್ಟ್ ಹಾಕುವುದು; ಸೈನ್ಸ್ ಹಾಗೆಯೇ ಮಾಡಿ 4ನೆಯವರಾದರು. ಅಂದರೆ ಫೆರಾರಿ ತಪ್ಪಿದ್ದು ಟೈರಿನ ಆಯ್ಕೆಗಿಂತ ಮೊದಲು, ವರ್‌ಸ್ಟಾಪನ್ ಅವರನ್ನು ಆ ಕ್ಷಣದಲ್ಲೇ ತಡೆಯಬೇಕೆಂದುಕೊಂಡಾಗ. ಒಂದು ತಪ್ಪು ಇನ್ನೊಂದನ್ನು ಎಳೆದುಕೊಂಡು ಬಂತು.

ಈಗ ನನ್ನ ಆಕ್ಷೇಪಕ್ಕೆ ಬರುತ್ತೇನೆ. ಪಿಟ್ ನಿಲುಗಡೆಯೆಂದರೆ ನಾವು ನೋಡುವ ಆ ಎರಡು ಚಿಲ್ಲರೆ ಸೆಕೆಂಡುಗಳಲ್ಲ. ಓಣಿಗೆ ಇಳಿದು, ವೇಗಮಿತಿಯಲ್ಲಿ ಸಾಗಿ, ನಿಂತು, ಮತ್ತೆ ರಸ್ತೆಗೆ ಸೇರುವಷ್ಟರಲ್ಲಿ ಹೆಚ್ಚಿನ ಟ್ರ್ಯಾಕ್‌ಗಳಲ್ಲಿ 20 ಸೆಕೆಂಡುಗಳ ಆಸುಪಾಸು ನಷ್ಟವಾಗುತ್ತದೆ. ವಾಪಸಾಗುವಾಗ ಯಾರ ಹಿಂದೆ ಸಿಕ್ಕಿಕೊಳ್ಳುತ್ತೇವೆ, ಹೊಸ ಟೈರ್ ಬಿಸಿಯಾಗಲು ಎಷ್ಟು ತಿರುವು ಬೇಕು, ಎದುರಾಳಿ ಒಂದು ಸುತ್ತು ಮೊದಲೇ ನಿಂತು, ಹೊಸ ಟೈರಿನ ವೇಗದಿಂದ ಮುಂದಾಗಿ, ಅಂಡರ್‌ಕಟ್ ಮಾಡಿದರೆ ಎಷ್ಟು ಕಳೆಯುತ್ತದೆ, ಈ ಕ್ಷಣದಲ್ಲಿ, ಅಪಾಯವಿದ್ದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದರೆ ಗತಿಯೇನು ಎಂಬುದೆಲ್ಲವನ್ನೂ ಓಣಿಯ ಪಕ್ಕದ ಪಿಟ್ ಗೋಡೆಯ ಬಳಿ ಕುಳಿತ ತಂಡದವರೂ ಕಾರ್ಖಾನೆಯಲ್ಲಿ ಪರದೆಗಳ ಮುಂದೆ ಕುಳಿತವರೂ ಸೇರಿ ಲೆಕ್ಕ ಹಾಕುತ್ತಾರೆ. ಚಾಲಕನಿಗೆ ಕಾಣುವುದು ಅವನ ಮುಂದಿನ ರಸ್ತೆ, ಕನ್ನಡಿ ಮತ್ತು ಸ್ಟಿಯರಿಂಗ್ ಚಕ್ರ. ಅವನ ಮಾತನ್ನು ಕೇಳಬೇಕು, ನಿಜ. ಆದರೆ ಅವನ ಮಾತೇ ದಾರಿ ತಪ್ಪಿಸಿದ ಉದಾಹರಣೆಗಳೂ ಇವೆ.

2015ರ ಮೊನಾಕೊ ಓಟವನ್ನು ನೆನೆಯಿರಿ. ಮರ್ಸಿಡೀಸ್‌ನ ಲೂಯಿಸ್ ಹ್ಯಾಮಿಲ್ಟನ್ ನಿರಾತಂಕವಾಗಿ ಮುಂದಿದ್ದಾಗ ವರ್‌ಸ್ಟಾಪನ್ ಅಪಘಾತದಿಂದ ಸೇಫ್ಟಿ ಕಾರ್ ಬಂತು. ದೊಡ್ಡ ಪರದೆಯಲ್ಲಿ ಮರ್ಸಿಡೀಸ್ ಸಿಬ್ಬಂದಿ ಪಿಟ್ ಓಣಿಗೆ ಬಂದು ನಿಂತದ್ದನ್ನು ಕಂಡ ಹ್ಯಾಮಿಲ್ಟನ್, ಹಿಂದಿನವರು ಹೊಸ ಟೈರ್ ಹಾಕಿಸಿಕೊಳ್ಳುತ್ತಿದ್ದಾರೆಂದು ಭಾವಿಸಿ, ತನ್ನ ಟೈರ್ ತಣ್ಣಗಾಗುತ್ತಿದೆ ಎಂದು ರೇಡಿಯೊದಲ್ಲಿ ಹೇಳಿದರು. ತಂಡ ಅಂತರವನ್ನು ತಪ್ಪಾಗಿ ಲೆಕ್ಕ ಹಾಕಿ ಅವರನ್ನು ಕರೆಯಿತು. ಹೊರಬಂದಾಗ ಹಿಂದಿದ್ದ ರೋಸ್‌ಬರ್ಗ್ ಮತ್ತು ವೆಟ್ಟೆಲ್ ಮುಂದೆ ಹೋಗಿದ್ದರು. ತಂಡ ಬಹಿರಂಗವಾಗಿ ಕ್ಷಮೆ ಕೇಳಿತು. ಹ್ಯಾಮಿಲ್ಟನ್ ಗೆಲುವಾಗಲಿ ಸೋಲಾಗಲಿ ಎಲ್ಲರೂ ಒಟ್ಟಿಗೇ ಎಂದರು. ಕೇಳಿಸಿಕೊಂಡೇ ಮಾಡಿದ ತಪ್ಪು ಅದು. ನಿಮ್ಮ ಅಳತೆಗೋಲು ಇಲ್ಲಿ ಏನು ಹೇಳುತ್ತದೆ?

2021ರಲ್ಲಿ ರಷ್ಯಾದ ಸೋಚಿಯಲ್ಲಂತೂ ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ ಗೆಲುವಿನ ಹೊಸ್ತಿಲಲ್ಲಿ ಮಳೆ ಬಂದಾಗ ಪಿಟ್‌ಗೆ ಬರಲು ಒಪ್ಪದೆ ಹೊರಗೇ ಉಳಿದು 7ನೆಯವರಾದರು, ಒಳಗೆ ಬಂದ ಹ್ಯಾಮಿಲ್ಟನ್ ತಮ್ಮ 100ನೇ ಗೆಲುವನ್ನು ಪಡೆದರು. ಚಾಲಕನ ಅನಿಸಿಕೆ ಅಮೂಲ್ಯವಾದದ್ದು, ಆದರೆ ಅದು ಹವಾಮಾನದ ನಕ್ಷೆಯಲ್ಲ.

ಸಿಲ್ವರ್‌ಸ್ಟೋನ್ ಸಂಜೆ ಬರೆದದ್ದು:

ಇಬ್ಬರೂ 2022ರ ಬ್ರಿಟಿಷ್ ಓಟವನ್ನು ಬಿಟ್ಟಿದ್ದೀರಿ. ಅಲ್ಲಿ ಒಂದೇ ತಂಡದ ಇಬ್ಬರಿಗೆ ಒಂದೇ ಗಳಿಗೆಯಲ್ಲಿ ಎರಡು ನ್ಯಾಯವಾಯಿತು. 39ನೇ ಸುತ್ತಿನಲ್ಲಿ ಆಲ್ಪೀನ್‌ನ ಒಕಾನ್ ಅವರ ಕಾರು ನಿಂತು ಸೇಫ್ಟಿ ಕಾರ್ ಬಂದಾಗ ಲೆಕ್ಲೇರ್ ಮೊದಲ ಸ್ಥಾನದಲ್ಲಿ, ಸೈನ್ಸ್ ಎರಡನೆಯದರಲ್ಲಿ ಇದ್ದರು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವಷ್ಟು ಅಂತರವಿರಲಿಲ್ಲ ಎಂಬುದು ತಂಡದ ವಿವರಣೆ. ಸೈನ್ಸ್‌ಗೆ ಸಾಫ್ಟ್ ಸಿಕ್ಕಿತು, ಲೆಕ್ಲೇರ್ ಹಳೆಯ ಹಾರ್ಡ್‌ನಲ್ಲೇ ಉಳಿದರು. ಓಟ ಮತ್ತೆ ಆರಂಭವಾಗುವಾಗ ಜೊತೆಗಾರನಿಗೆ ಉಸಿರಾಡಲು ಜಾಗ ಬಿಡುವಂತೆ ಸೈನ್ಸ್ ಅವರಿಗೆ ಹೇಳಿದರೆ, ಹೊಸ ಹೊಸದನ್ನು ಕಂಡುಹಿಡಿಯುವುದನ್ನು ನಿಲ್ಲಿಸಿ ಎಂದು ಅವರು ರೇಡಿಯೊದಲ್ಲೇ ಖಡಾಖಂಡಿತವಾಗಿ ನಿರಾಕರಿಸಿದರು. ಅದು ಅವರ ಮೊದಲ ಫಾರ್ಮುಲಾ ಒನ್ ಗೆಲುವಾಯಿತು, ಲೆಕ್ಲೇರ್ 4ನೆಯವರಾದರು.

ಮೊನಾಕೊದಲ್ಲೂ ಸೈನ್ಸ್ ಇಂಟರ್‌ಮೀಡಿಯೆಟ್ ಬೇಡವೆಂದು ಪಟ್ಟು ಹಿಡಿದು ನೇರವಾಗಿ ಒಣ ಟೈರಿಗೆ ಹೋಗಿ 2ನೆಯವರಾಗಿದ್ದರು. ನಿರ್ಧಾರಕ್ಕೆ ಮೊದಲೇ ಗಟ್ಟಿಯಾಗಿ ಮಾತನಾಡಿದವನಿಗೆ ನಂತರ ದೂರುವ ಪ್ರಸಂಗವೇ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಘಟ್ಟದ ಗಾಲಿ ಬರೆದದ್ದು:

ನಾನು ಫಾರ್ಮುಲಾ ಒನ್ ಬಲ್ಲವನಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಮಲೆನಾಡಿನ ರ್‍ಯಾಲಿಗಳಲ್ಲಿ ಸಹಚಾಲಕನಾಗಿ ಕುಳಿತಿದ್ದೆ. ಬಹಿರಂಗ ಟೀಕೆ ಎಂಬುದು ಯಾರ ಮೇಲೆ ಹೋಗಿ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣಿನ ದಾರಿ. ಹಿಂದಿನ ರಾತ್ರಿ ಮಳೆ ಬಂದು, ಬೆಳಗ್ಗೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ಸರ್ವೀಸ್ ಜಾಗದಲ್ಲಿ ನಮಗಿದ್ದದ್ದು 20 ನಿಮಿಷ. ನಮ್ಮ ತಂಡದಲ್ಲಿ ಟೈರ್ ಕೆಲಸಕ್ಕೆ ಇದ್ದ ಹುಡುಗ ಹತ್ತಿರದ ಊರಿನವನೇ. ಅವನು ಬಿಚ್ಚಿದ ಟೈರಿನ ಗೆರೆಗಳೊಳಗಿಂದ ಮಣ್ಣನ್ನು ಹೆಬ್ಬೆರಳಿನಿಂದ ತೆಗೆದು, ಉಂಡೆ ಮಾಡಿ, ಅದು ಒಡೆಯದೆ ಅಂಟಿಕೊಳ್ಳುವುದನ್ನು ತೋರಿಸಿ, ‘ಸಿಲ್ವರ್ ಓಕ್ ನೆರಳಿನ ಕೆಳಗೆ ಮಧ್ಯಾಹ್ನದವರೆಗೂ ಆರುವುದಿಲ್ಲ, ಒಣ ಟೈರ್ ಬೇಡ’ ಎಂದ. ಮೇಲ್ವಿಚಾರಕರು ಆಕಾಶ ನೋಡಿ ಒಣ ಟೈರನ್ನೇ ಹಾಕಿಸಿದರು. ಚಾಲಕರು ಆಗ ನೀರು ಕುಡಿಯಲು ಹೋಗಿದ್ದರು, ಅವರಿಗೆ ಈ ಮಾತು ಕೇಳಿಸಲಿಲ್ಲ.

ಎರಡನೇ ಇಳಿಜಾರಿನ ತಿರುವಿನಲ್ಲಿ ನಾವು ಜಾರಿ, ಕಾಫಿ ಗಿಡಗಳ ಸಾಲಿಗೆ ಮೂತಿ ತುರುಕಿಕೊಂಡು ನಿಂತೆವು. ನಿಮಿಷಗಟ್ಟಲೆ ಹೋಯಿತು. ಸಂಜೆ ಮುಕ್ತಾಯದ ಕಮಾನಿನ ಹತ್ತಿರ, ಬೇರೆ ತಂಡಗಳವರೂ ಸ್ಥಳೀಯ ಪತ್ರಿಕೆಯವರೂ ನಿಂತಿದ್ದ ಕಡೆ, ಚಾಲಕರು ‘ಟೈರ್ ಹಾಕಿದವರಿಗೆ ಮಣ್ಣಿನ ಗಂಧವೇ ಗೊತ್ತಿಲ್ಲ’ ಎಂದು ಗಟ್ಟಿಯಾಗಿ ಹೇಳಿದರು. ಟೈರ್ ಹಾಕಿದವನು ಅಲ್ಲೇ ಜಾಕ್ ಹಿಡಿದು ನಿಂತಿದ್ದ.

ಮುಂದಿನ ರ್‍ಯಾಲಿಯಲ್ಲಿ ‘ಯಾವ ಟೈರ್ ಹಾಕೋಣ’ ಎಂದು ಅವನನ್ನು ಕೇಳಿದೆ. ‘ನೀವು ಹೇಳಿದ್ದು’ ಎಂದ. ಅದರ ಮುಂದಿನದರಲ್ಲೂ ಅದೇ ಉತ್ತರ.

ಲೆಕ್ಲೇರ್ ಅವರಿಗೆ ಕೋಪ ಬಂದದ್ದು ಸಹಜ. ಆದರೆ ‘ತಂಡ’ ಎಂದು ಬೈದಾಗ ಆ ಮಾತಿಗೆ ವಿಳಾಸವಿರುವುದಿಲ್ಲ. ಸರಿಯಾದದ್ದನ್ನು ಹೇಳಿ ಸೋತವನೂ ಆ ತಂಡದೊಳಗೇ ಇರುತ್ತಾನೆ.

ಹಳೆ ಟ್ರ್ಯಾಕ್ ಬರೆದದ್ದು:

ಗಾಲಿಯವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ವಾದದಲ್ಲಿ ಈ ಮಗ್ಗುಲು ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ವಿಳಾಸದ ಮಾತು ಬಂದದ್ದರಿಂದ 2018ರ ಆಸ್ಟ್ರಿಯಾ ನೆನಪಾಗುತ್ತಿದೆ. ಹ್ಯಾಮಿಲ್ಟನ್ ಜೊತೆಗಾರ ಬೊಟ್ಟಾಸ್ ಅವರ ಕಾರು ನಿಂತು, ಎಲ್ಲರೂ ನಿಧಾನವಾಗಿ ಸಾಗಬೇಕಾದ ವರ್ಚುವಲ್ ಸೇಫ್ಟಿ ಕಾರ್ ಆದೇಶ ಬಂದಾಗ ರೆಡ್ ಬುಲ್ ಮತ್ತು ಫೆರಾರಿಗಳು ತಮ್ಮ ಕಾರುಗಳನ್ನು ಒಳಗೆ ಕರೆದವು; ಮುಂದಿದ್ದ ಹ್ಯಾಮಿಲ್ಟನ್ ಅವರನ್ನು ಮರ್ಸಿಡೀಸ್ ಕರೆಯಲಿಲ್ಲ. ಉಳಿದವರು ನಿಧಾನವಾಗಿ ಸಾಗುವಾಗ ನಿಂತರೆ ನಷ್ಟ ಬಹಳ ಕಡಿಮೆ, ಅಂಥ ಅವಕಾಶ ಕೈಬಿಟ್ಟಿತು. ನಂತರ ಹ್ಯಾಮಿಲ್ಟನ್ ರೇಡಿಯೊದಲ್ಲಿ ಮತ್ತೆ ಮತ್ತೆ ಪ್ರಶ್ನಿಸತೊಡಗಿದಾಗ ತಂತ್ರ ವಿಭಾಗದ ಮುಖ್ಯಸ್ಥ ಜೇಮ್ಸ್ ವೌಲ್ಸ್ ತಾವೇ ರೇಡಿಯೊಗೆ ಬಂದು, ಇಂದಿನ ಗೆಲುವನ್ನು ಕೈಚೆಲ್ಲಿದ್ದು ನಾನು ಎಂದು ಹೇಳಿದರು. ಜಗತ್ತೆಲ್ಲ ಕೇಳುತ್ತಿರುವಾಗ, ಓಟ ಇನ್ನೂ ನಡೆಯುತ್ತಿರುವಾಗ ಆಡಿದ ಮಾತದು. ದೂರಿಗೆ ವಿಳಾಸವನ್ನು ತಾವೇ ಕೊಟ್ಟು, ಗ್ಯಾರೇಜಿನ ಉಳಿದವರನ್ನೆಲ್ಲ ಅದರಿಂದ ಬಿಡಿಸಿದರು. ಅದೇ ಕಾರು ಮುಂದೆ ಇಂಧನದ ಒತ್ತಡ ಕಳೆದುಕೊಂಡು ನಿಂತದ್ದು ಬೇರೆ ಸಂಗತಿ. ನಿಮ್ಮ ಮೇಲ್ವಿಚಾರಕರು ಅಂದು ಕಮಾನಿನ ಹತ್ತಿರ ಬಾಯಿ ತೆರೆದಿದ್ದರೆ ಆ ಹುಡುಗನ ಕಥೆ ಬೇರೆಯಾಗುತ್ತಿತ್ತಲ್ಲವೇ?

ಲೆಕ್ಕದ ಪುಸ್ತಕದವರಿಗೆ: ಹಂಗೆರಿಯಲ್ಲಿ ಅದೇ ದಿನ ರೆಡ್ ಬುಲ್ ಏನು ಮಾಡಿತೆಂದು ನೋಡಿ. ಅವರು ಹಾರ್ಡ್ ಟೈರಿನಲ್ಲೇ ಓಟ ಆರಂಭಿಸುವ ಆಲೋಚನೆಯಲ್ಲಿದ್ದರು. ಓಟ ಆರಂಭವಾಗುವ ಸಾಲಿಗೆ, ಅಂದರೆ ಗ್ರಿಡ್‌ಗೆ, ಹೋಗುವ ಸುತ್ತುಗಳಲ್ಲಿ ಹಿಡಿತ ಸಿಗುತ್ತಿಲ್ಲವೆಂದು ತಿಳಿದ ಮೇಲೆ ಯೋಜನೆಯನ್ನು ಬದಲಿಸಿ ಸಾಫ್ಟ್‌ನಲ್ಲಿ ಹೊರಟರು. ಹನ್ನಾ ಶ್ಮಿಟ್ಜ್ ಅವರ ತಂತ್ರ ವಿಭಾಗದಲ್ಲೂ ಲೆಕ್ಕ, ಪರದೆ, ಕಾರ್ಖಾನೆ ಎಲ್ಲವೂ ಇದ್ದವು. ರಸ್ತೆಯಿಂದ ಬಂದ ಸುದ್ದಿ ಆ ಲೆಕ್ಕದೊಳಕ್ಕೆ ಸೇರಿತು, ಅಷ್ಟೇ ವ್ಯತ್ಯಾಸ. 2015ರ ಮೊನಾಕೊದಲ್ಲಿ ತಪ್ಪಿದ್ದು ಹ್ಯಾಮಿಲ್ಟನ್ ಅವರ ಊಹೆಯೇ ಇರಬಹುದು, ಆದರೆ ಹಿಂದಿನವರು ನಿಂತಿಲ್ಲ ಎಂಬುದು ಗೋಡೆಯ ಮೇಲಿದ್ದವರಿಗೆ ಗೊತ್ತಿತ್ತು. ಕೇಳಿಸಿಕೊಳ್ಳುವುದೆಂದರೆ ಹೇಳಿದ್ದನ್ನೆಲ್ಲ ಮಾಡುವುದಲ್ಲ.

ಮೂರನೇ ಗೇರ್ ಬರೆದದ್ದು:

ರೇಡಿಯೊದಲ್ಲಿ ಆಡಿದ್ದನ್ನೂ ಓಟ ಮುಗಿದ ಮೇಲೆ ಮೈಕಿನ ಮುಂದೆ ಆಡಿದ್ದನ್ನೂ ದಯವಿಟ್ಟು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರೇಡಿಯೊ ಅವರ ಕೆಲಸದ ಜಾಗ. ಅಲ್ಲಿನ ನೂರಾರು ಮಾತುಗಳಿಂದ ಪ್ರಸಾರಕರು ಕೆಲವನ್ನು ಆಯ್ದು, ಸ್ವಲ್ಪ ತಡವಾಗಿ ನಮಗೆ ಕೇಳಿಸುತ್ತಾರೆ. ಸಹಜವಾಗಿಯೇ ಕೂಗಾಡಿದ್ದು ಮೇಲೆ ಬರುತ್ತದೆ. 2021ರ ಟರ್ಕಿಯಲ್ಲಿ ಹ್ಯಾಮಿಲ್ಟನ್ ಮೊದಲು ಪಿಟ್‌ಗೆ ಬರಲೊಪ್ಪದೆ, ಕೊನೆಗೆ 8 ಸುತ್ತುಗಳಿರುವಾಗ ಬಂದು, 5ನೆಯವರಾಗಿ, ಬರಬಾರದಿತ್ತು ಎಂದು ರೇಡಿಯೊದಲ್ಲಿ ಸಿಡಿದರು. ಮರುದಿನ ತಾವೇ ಬರೆದು, ತಂಡದ ಮೇಲೆ ತನಗೆ ರೋಷವಿಲ್ಲವೆಂದು ಸ್ಪಷ್ಟಪಡಿಸಿದರು. ಅಂದು ಒಂದೂ ಸಲ ನಿಲ್ಲದೆ ಓಟ ಮುಗಿಸಿದ ಒಕಾನ್ ಅವರ ಟೈರ್ ಯಾವ ಸ್ಥಿತಿಗೆ ತಲುಪಿತ್ತೆಂಬ ಚಿತ್ರ ನೋಡಿದವರಿಗೆ ತಂಡ ಯಾಕೆ ಹೆದರಿತ್ತೆಂದು ಅರ್ಥವಾಗುತ್ತದೆ.

ಆದರೆ 2024ರ ಹಂಗೆರಿಯಲ್ಲಿ ವರ್‌ಸ್ಟಾಪನ್ ಮಾಡಿದ್ದನ್ನು ನಾನು ಸಮರ್ಥಿಸಲಾರೆ. ಅಂಡರ್‌ಕಟ್‌ಗೆ ಸಿಕ್ಕಿ ಸ್ಥಾನ ಕಳೆದುಕೊಂಡದ್ದಕ್ಕೆ ಓಟದುದ್ದಕ್ಕೂ ತಮ್ಮ ಇಂಜಿನಿಯರ್ ಲಾಂಬಿಯಾಸೆ ಅವರ ಮೇಲೆ ಹರಿಹಾಯ್ದರು. ತಂತ್ರ ಸರಿಯಿಲ್ಲ ಎಂಬ ಅವರ ಮಾತು ದಿಟವೇ ಇರಬಹುದು. ಅದನ್ನು ಒಂದು ಸಲ ಹೇಳಿದರೆ ಮಾಹಿತಿ. ಹತ್ತನೇ ಸಲ ಹೇಳುವಾಗ ಎದುರಿಗಿರುವವನ ತಲೆ ಮುಂದಿನ ನಿರ್ಧಾರದ ಮೇಲೆ ನಿಲ್ಲುವುದಾದರೂ ಹೇಗೆ?

ಲೆಕ್ಕದ ಪುಸ್ತಕ ಬರೆದದ್ದು:

ಒಪ್ಪಿದೆ. ಜೊತೆಗೆ ನನ್ನ ಬಳಗದವರ ವಿರುದ್ಧವೇ ಸಾಕ್ಷಿ ಹೇಳುವ ಒಂದು ಓಟವನ್ನೂ ಮುಂದಿಡುತ್ತೇನೆ, ಏಕೆಂದರೆ ಅದರ ಲೆಕ್ಕ ಮಕ್ಕಳಿಗೂ ಬರುವಂಥದ್ದು.

2025ರ ಕತಾರ್‌ನಲ್ಲಿ ಸುರಕ್ಷತೆಗಾಗಿ ಒಂದು ಸೆಟ್ ಟೈರಿಗೆ 25 ಸುತ್ತುಗಳ ಮಿತಿ ಹಾಕಿದ್ದರು. ಓಟ 57 ಸುತ್ತು. 7ನೇ ಸುತ್ತಿನಲ್ಲಿ ಸೇಫ್ಟಿ ಕಾರ್ ಬಂತು. 57ರಲ್ಲಿ 7 ಕಳೆದರೆ 50, ಅಂದರೆ ಸರಿಯಾಗಿ ಎರಡು ಸಲ 25. ಆ ಗಳಿಗೆಯಲ್ಲಿ ನಿಂತರೆ ಕಡ್ಡಾಯವಾದ ಎರಡು ನಿಲುಗಡೆಗಳಲ್ಲಿ ಒಂದು ಅಗ್ಗಕ್ಕೆ ಮುಗಿಯುತ್ತದೆ. ಉಳಿದ ಎಲ್ಲ ತಂಡಗಳೂ ನಿಂತವು. ಮೊದಲ ಸ್ಥಾನದಲ್ಲಿದ್ದ ಪಿಯಾಸ್ಟ್ರಿ ಮತ್ತು ಪ್ರಶಸ್ತಿಯ ಹಾದಿಯಲ್ಲಿದ್ದ ನಾರಿಸ್, ಇಬ್ಬರನ್ನೂ ಮೆಕ್‌ಲಾರೆನ್ ಹೊರಗೇ ಬಿಟ್ಟಿತು. ವರ್‌ಸ್ಟಾಪನ್ ಗೆದ್ದರು, ಪಿಯಾಸ್ಟ್ರಿ 2ನೆಯವರು, ನಾರಿಸ್ 4ನೆಯವರು. ಪಿಯಾಸ್ಟ್ರಿ ರೇಡಿಯೊದಲ್ಲಿ ಮಾತೇ ಹೊರಡುತ್ತಿಲ್ಲ ಎಂದರು, ಓಟದ ನಂತರ ತಂಡ ತಪ್ಪಿತು ಎಂದು ಚುಟುಕಾಗಿ ಹೇಳಿದರು. ಮುಖ್ಯಸ್ಥ ಆಂಡ್ರಿಯಾ ಸ್ಟೆಲ್ಲಾ ನಿರ್ಧಾರ ತಪ್ಪೆಂದು ಒಪ್ಪಿಕೊಂಡರು. ಮುಂದಿನ ಓಟದ ಕೊನೆಯಲ್ಲಿ ನಾರಿಸ್ ಬರೀ 2 ಅಂಕಗಳಿಂದ ವಿಶ್ವ ಚಾಂಪಿಯನ್ ಆದರು. ಆ 2 ಅಂಕ ಅತ್ತ ಜಾರಿದ್ದರೆ ಈ ನಿಲ್ಲದ ನಿಲುಗಡೆಯನ್ನು ನಾವು ಇನ್ನೂ ಹತ್ತು ವರ್ಷ ಚರ್ಚಿಸುತ್ತಿದ್ದೆವು.

ಇನ್ನೊಂದು ಮಾತು, ಲೆಕ್ಲೇರ್ ಪರವಾಗಿ. ಅದೇ 2022ರಲ್ಲಿ ಫ್ರಾನ್ಸ್‌ನ ಓಟವನ್ನು ಮುನ್ನಡೆಸುತ್ತಿದ್ದಾಗ ಅವರು ತಾವೇ ತಿರುಗಿ ತಡೆಗೋಡೆಗೆ ಗುದ್ದಿದರು. ಅಂದು ಸಂಜೆ, ಇಲ್ಲಿ 25 ಮತ್ತು ಇಟಲಿಯ ಇಮೊಲಾದಲ್ಲಿ 7, ಒಟ್ಟು 32 ಅಂಕಗಳನ್ನು ನನ್ನ ತಪ್ಪಿನಿಂದ ಕಳೆದೆ ಎಂದು ಬಹಿರಂಗವಾಗಿಯೇ ಕೂಡಿಸಿ ಹೇಳಿದರು. ಒಂದೇ ವಾರದ ನಂತರ ಹಂಗೆರಿಯಲ್ಲಿ ತಂಡದ ಲೆಕ್ಕ ಕೇಳುವ ಹಕ್ಕು ಅವರಿಗಿರಲಿಲ್ಲ ಎಂದು ನಾನು ಇನ್ನು ಮುಂದೆ ಹೇಳಲಾರೆ.

ಹಳೆ ಟ್ರ್ಯಾಕ್ ಬರೆದದ್ದು:

ಆ 32 ಅಂಕಗಳ ಮಾತನ್ನು ನೆನಪಿಸಿದ್ದಕ್ಕೆ ಧನ್ಯವಾದಗಳು. ಗಾಲಿಯವರೇ, ಒಂದು ಪ್ರಶ್ನೆ ಉಳಿದಿದೆ. ಹುಡುಗ ಬೆಳಗ್ಗೆ ಏನು ಹೇಳಿದ್ದ ಎಂಬುದು ನಿಮ್ಮ ಚಾಲಕರಿಗೆ ಯಾವಾಗಲಾದರೂ ತಿಳಿಯಿತೇ?

ಘಟ್ಟದ ಗಾಲಿ ಬರೆದದ್ದು:

ತಿಳಿಯಿತು, ಎರಡು ವರ್ಷಗಳ ನಂತರ. ಹೇಳಿದವನು ನಾನೇ. ಅಂದು ಕಮಾನಿನ ಹತ್ತಿರ ಅವರ ಪಕ್ಕದಲ್ಲೇ ಹೆಲ್ಮೆಟ್ ಹಿಡಿದು ನಿಂತಿದ್ದೆ, ಮಣ್ಣಿನ ಉಂಡೆಯನ್ನು ಬೆಳಗ್ಗೆ ನನ್ನ ಕಣ್ಣಾರೆ ಕಂಡಿದ್ದೆ, ಆದರೂ ಅಷ್ಟು ಜನರ ಎದುರು ಅವರ ಮಾತಿಗೆ ಅಡ್ಡ ಬರಲು ನನಗೆ ಧೈರ್ಯವಾಗಲಿಲ್ಲ. ವಿಷಯ ತಿಳಿದ ಕೂಡಲೇ ಅವರು ಹುಡುಗನ ನಂಬರ್ ಕೇಳಿ, ನನ್ನ ಎದುರಿಗೇ ಫೋನ್ ಮಾಡಿದರು. ಅವನು ಆಗ ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಬಹಳ ಹೊತ್ತು ಮಾತನಾಡಿದರು. ವಾಪಸು ಬರುತ್ತೀಯಾ ಎಂದು ಕೇಳಿದ್ದಕ್ಕೆ, ಗದ್ದೆ ಉಳುಮೆ ಮುಗಿಯುವವರೆಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದನಂತೆ.